ಬಿರುದು ಮುಗಿದ ಮೇಲೆ ಬಾಗಿಲು

ದಾವಣಗೆರೆಯ ಮುರಿಗೆಪ್ಪ ಸಾವ್ಕಾರ್ರದು ಕುಕ್ಕರ್, ಮಿಕ್ಸಿ ರಿಪೇರಿ ಅಂಗಡಿ. ಅದರ ವೆಬ್‌ಸೈಟ್ ತೆರೆದರೆ ಮೊದಲು ಕಾಣುತ್ತಿದ್ದದ್ದು ಸಾವ್ಕಾರ್ರ ಹದಿನೆಂಟು ಬಿರುದು, ಮೂವತ್ತು ಸನ್ಮಾನದ ಫೋಟೋ.

"ಗೂಗಲ್‌ನಲ್ಲಿ ಹುಡುಕಿದ್ರೆ ನಮ್ಮಂಗಡಿ ಎಲ್ಲೂ ಇಲ್ಲ! ಯುಗಾದಿಯೊಳಗೆ ಮೊದಲು ಬರಬೇಕು. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ," ಎಂದು ಗುಮಾಸ್ತೆ ನೀಲಾಂಬಿಕೆಗೆ ತಾಕೀತಾಯಿತು. "ಫೋಟೋ ಮಾತ್ರ ಮುಟ್ಟಕೂಡದು!"

ನೀಲಾಂಬಿಕೆ ಹ್ಞೂಂ ಅಂದಳು. ಮರುದಿನ ಸಾವ್ಕಾರ್ರು ಬಿಸಿಲಲ್ಲಿ ಬಂದರೆ ಅಂಗಡಿಗೆ ಇನ್ನೂ ಬೀಗ. ಅವಳು ಕೀಲಿಕೈ ಹಿಡಿದು ಬಾಗಿಲಿಗೆ ಅಡ್ಡ ನಿಂತು, ಅವರ ಬಿರುದುಗಳನ್ನು ಬರೆದುಕೊಂಡಿದ್ದ ಚೀಟಿ ಓದತೊಡಗಿದಳು.

"ಸಮಾಜ ಭೂಷಣ, ವಾಣಿಜ್ಯ ರತ್ನ, ದಾನಶೂರ..."

ನಾಲ್ಕನೆಯದಕ್ಕೇ ಸಾವ್ಕಾರ್ರು ಸಿಡಿದರು. "ಸಾಕು ಮಾಡವ್ವಾ, ಮೊದಲು ಬಾಗಿಲು ತೆಗಿ!"

"ಗಿರಾಕಿಗಳೂ ಇದನ್ನೇ ಅಂದು ಬೇರೆ ಅಂಗಡಿಗೆ ಹೋಗ್ತಿದಾರೆ, ಸಾವ್ಕಾರ್ರೇ. ಆ ಫೋಟೋಗಳಿಂದ ನಮ್ಮ ಪುಟ ತೆರೆಯೋಕೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತೆ. ಅವರು ಹುಡುಕೋದು ಬಿರುದಲ್ಲ, ಕುಕ್ಕರ್ ಯಾಕೆ ಸೀಟಿ ಹೊಡೀತಿಲ್ಲ ಅಂತ."

ಸಾವ್ಕಾರ್ರು ಮುಖ ಊದಿಸಿಕೊಂಡು ಒಳಗೆ ಹೋದರು. ಚಹಾದ ಹೊತ್ತಿಗೆ, "ಏನು ಮಾಡ್ತೀಯೋ ಮಾಡು," ಅಂದರು.

ಅವಳು ಮೊದಲು ಬಿರುದು, ಫೋಟೋಗಳನ್ನೆಲ್ಲ ವೆಬ್‌ಸೈಟಿನ ಕೊನೆ ಪುಟಕ್ಕೆ ಕಳಿಸಿದಳು. ಆಮೇಲೆ ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದು, ದಿನಕ್ಕೊಂದರಂತೆ ಉತ್ತರ ಹಾಕಿದಳು. ರಿಪೇರಿ ಮಾಡಿಸಿಕೊಂಡು ಹೋದವರಿಂದ ಗೂಗಲ್‌ನಲ್ಲಿ ನಾಲ್ಕು ಒಳ್ಳೆ ಮಾತು ಬರೆಸಿದಳು. ಯುಗಾದಿ ಬರುವಷ್ಟರಲ್ಲಿ ಹುಡುಕಿದವರಿಗೆಲ್ಲ ಮೊದಲು ಸಿಗುತ್ತಿದ್ದದ್ದು ಮುರಿಗೆಪ್ಪನವರ ಅಂಗಡಿ.

ಅದೇ ವಾರ ವರ್ತಕರ ಸಂಘದಲ್ಲಿ ಅವರಿಗೆ ಇನ್ನೊಂದು ಸನ್ಮಾನ. ನಿರೂಪಕ "ಸಮಾಜ ಭೂಷಣ..." ಎಂದು ಶುರುವಿಟ್ಟುಕೊಂಡ. ಸಾವ್ಕಾರ್ರು ಮೈಕ್ ಕಿತ್ತುಕೊಂಡರು.

"ಅದೆಲ್ಲ ಕೊನೆ ಪುಟಕ್ಕೆ ಹಾಕ್ರೀ! ಕುಕ್ಕರ್ ಸೀಟಿ ಹೊಡೀದಿದ್ರೆ ಎಲ್ಲಿಗೆ ಬರಬೇಕು, ಮೊದಲು ಅದನ್ನ ಹೇಳ್ರಿ!"