ಕುದುರೆಯ ಹಣೆಗೆ ಸುಳಿ ಬಂದದ್ದು

ಭೂಮಿ ಆಗಿನ್ನೂ ಹಸಿ ಹಸಿಯಾಗಿತ್ತು. ಬೆಟ್ಟಗಳಿಗೆ ತಾವೆಲ್ಲಿ ಕೂರಬೇಕು ಅಂತ ಗೊತ್ತಾಗಿರಲಿಲ್ಲ. ಕುದುರೆಗಳ ಮೈಕೂದಲೋ, ಮೂತಿಯಿಂದ ಬಾಲದವರೆಗೆ ಒಂದೇ ಸಮ, ನೆಟ್ಟಗೆ. ಹಣೆಯ ಮೇಲೆ ಸುಳಿಯೇ ಇರಲಿಲ್ಲ.

ಆ ಕಾಲದಲ್ಲಿ ಬೊಮ್ಮಜ್ಜಿ ಅಂತ ಒಬ್ಬಳಿದ್ದಳು. ಕುದುರೆಗಳನ್ನು ಸಿಂಗರಿಸುವುದು ಅವಳ ಕೆಲಸ. ಮೈಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ಮರದ ಬಾಚಣಿಗೆಯಿಂದ ಕೂದಲನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ಬಾಚುತ್ತಿದ್ದಳು. ಅಷ್ಟೇ! ತೊಡೆಯ ಮೇಲೆ ಚೌಕಳಿ ಮೂಡುತ್ತಿತ್ತು, ಪಕ್ಕೆಯ ಮೇಲೆ ಅಲೆ ಮೂಡುತ್ತಿತ್ತು. ಬಣ್ಣ ಗಿಣ್ಣ ಏನೂ ಇಲ್ಲ, ಬರೀ ಕೂದಲು, ಬರೀ ಬಿಸಿಲು.

ವರ್ಷಕ್ಕೊಮ್ಮೆ, ಹೊಸ ಹುಲ್ಲು ಬಂದಾಗ, ಕುದುರೆಗಳೆಲ್ಲ ದಡದಲ್ಲಿ ಸಾಲಾಗಿ ನಡೆದು ಹೊಳೆಗೆ ತಮ್ಮ ಚೆಂದ ತೋರಿಸುತ್ತಿದ್ದವು. ಸಂಜೆಗೆ ಗಾಳಿರಾಯ ಬಂದು ಚಿತ್ತಾರವನ್ನೆಲ್ಲ ಅಳಿಸಿಬಿಡುತ್ತಿದ್ದ.

ಹೀಗೇ ಕಾಲ ಕಳೆಯಿತು. ಅಜ್ಜಿಯ ಕೈ ನಡುಗತೊಡಗಿತು.

"ಈ ಸಲ ಒಂದು ಗೆರೆ ಸೊಟ್ಟಗಾದರೂ ಬಾಚಣಿಗೆಯನ್ನ ಕೋತಿಗೆ ಕೊಡಬೇಕು" ಅಂತ ಕುದುರೆಗಳು ತೀರ್ಮಾನ ಮಾಡಿದವು. ಕೋತಿ ಆಗಲೇ ಕೊಂಬೆಯ ಮೇಲೆ ಕೈ ಉಜ್ಜಿಕೊಳ್ಳುತ್ತಾ ಕೂತಿತ್ತು, ಅಧಿಕಪ್ರಸಂಗಿ!

ಈ ಮಾತು ಅಜ್ಜಿಯ ಕಿವಿಗೂ ಬಿತ್ತು. ಕುದುರೆಗಳ ಬೆಚ್ಚನೆಯ ಮೈ ಮುಟ್ಟದೆ ಅವಳು ಒಂದು ದಿನವೂ ಇದ್ದವಳಲ್ಲ. ಮುಟ್ಟದೆ ಹೇಗಿರಲಿ ಅಂತ ಅವಳಿಗೆ ಅಳುವೇ ಬಂತು.

ಹೊಳೆಗೆ ಚೆಂದ ತೋರಿಸುವ ದಿನ ಅವಳು ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಚಿದಳು. ಒಂದು ಕುದುರೆ ಆಯಿತು, ಎರಡಾಯಿತು, ಒಂದನ್ನು ಬಿಟ್ಟು ಎಲ್ಲವೂ ಆದವು. ಕೊನೆಗೆ ಉಳಿದವಳು ಕೆಂಚಿ ಎಂಬ ಸಾಧು ಕುದುರೆ. ಅವಳ ತೊಡೆಯ ಚೌಕಳಿಯೂ ಚೆನ್ನಾಗಿ ಬಂತು. ಹಣೆಯ ಮೇಲೊಂದು ನೆಟ್ಟನೆಯ ಗೆರೆ ಎಳೆದರೆ ಮುಗಿಯಿತು.

ಅಷ್ಟರಲ್ಲಿ ಕೈ ನಡುಗಿತು ನೋಡು! ಬಾಚಣಿಗೆ ಗಿರ್ರನೆ ಸುತ್ತಿ, ಕೂದಲು ಸುಳಿಯಾಗಿ ನಿಂತಿತು.

"ಅಯ್ಯೋ, ಕೆಟ್ಟೆನಲ್ಲೇ ಕೆಂಚಿ! ಬಾ, ಅಳಿಸಿಬಿಡ್ತೀನಿ."

ಕೆಂಚಿ ಹಿಂದೆ ಸರಿದಳು. "ಬೇಡಜ್ಜಿ. ನಾನು ಹೀಗೇ ಹೋಗ್ತೀನಿ."

"ತಲೆ ಕೆಟ್ಟಿದೆಯೇನೇ? ಎಲ್ಲರೂ ನಗ್ತಾರೆ."

"ನಗಲಿ ಬಿಡು. ಹುಟ್ಟಿದ ದಿನ ನನ್ನ ಮೈ ಒರೆಸಿದ್ದು ಈ ಕೈಯೇ ತಾನೇ? ನಡುಗಿದರೂ ನನಗೆ ಈ ಕೈಯೇ ಬೇಕು."

ದಡದ ಸಾಲಿನಲ್ಲಿ ಅವಳನ್ನು ನೋಡಿ ಎಲ್ಲರೂ ನಕ್ಕರು, ನಗದೆ ಇರುತ್ತಾರೆಯೇ! ಪಾಪ, ಹೊಳೆಗೆ ಸುಳ್ಳು ಹೇಳಲು ಬರುವುದಿಲ್ಲ. "ಸೊಟ್ಟಗಿದೆ" ಅಂದುಬಿಟ್ಟಿತು. ಕೋತಿ ಸರ್ರನೆ ಇಳಿದು ಬಂದು ಬಾಚಣಿಗೆ ಕಿತ್ತುಕೊಂಡಿತು. ಅಜ್ಜಿ ಬರಿಗೈಯಲ್ಲಿ ದಡದ ಮೇಲೆ ಕೂತಳು.

ಸಂಜೆಯಾಯಿತು. ದೂರದಲ್ಲಿ ಹುಲ್ಲು ಬಾಗುವುದು ಕಾಣಿಸಿತು.

"ಗಾಳಿರಾಯ, ಹಣೆಯ ಮೇಲಿನ ಇದೊಂದನ್ನ ಬಿಟ್ಟುಬಿಡಪ್ಪಾ" ಅಂದಳು ಕೆಂಚಿ.

"ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣಮ್ಮಾ. ಸಿಕ್ಕಿದ್ದನ್ನೆಲ್ಲ ಸವರಿಕೊಂಡು ಹೋಗೋನು ನಾನು" ಅಂದ ಗಾಳಿರಾಯ.

ಸಿಕ್ಕಿದರೆ ತಾನೇ? ಕೆಂಚಿ ಓಡಿಬಂದು ತಲೆ ತಗ್ಗಿಸಿದಳು. ಹಣೆಯನ್ನು ಅಜ್ಜಿಯ ಎದೆಗೆ ಒತ್ತಿಕೊಂಡು ನಿಂತಳು. ಅಜ್ಜಿ ಎರಡೂ ಕೈಗಳಿಂದ ಅವಳನ್ನು ತಬ್ಬಿಕೊಂಡಳು. ಗಾಳಿ ಬೀಸಿತು, ಬೀಸಿತು, ಬೀಸಿತು. ಇಬ್ಬರೂ ಅಲ್ಲಾಡಲಿಲ್ಲ.

ಬೆಳಗಾದಾಗ ಯಾರ ಚೌಕಳಿಯೂ ಇಲ್ಲ, ಯಾರ ಅಲೆಯೂ ಇಲ್ಲ. ಕೆಂಚಿಯ ಹಣೆಯ ಸುಳಿ ಮಾತ್ರ ಹಾಗೇ ಇತ್ತು. ಅಜ್ಜಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

ನಿನ್ನೆ ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದರು. ಮುಖ ಸಣ್ಣದು ಮಾಡಿಕೊಂಡು, "ಅಜ್ಜೀ, ತಪ್ಪಾಯಿತು. ನಮಗೂ ಒಂದು..." ಅಂದರು.

"ಬಾಚಣಿಗೆ ಎಲ್ಲಿದೆಯಪ್ಪಾ?" ಅಂದಳು ಅಜ್ಜಿ. ಕೋತಿ ಅದರಿಂದ ಬೆನ್ನು ಕೆರೆದುಕೊಂಡು ಹಲ್ಲನ್ನೆಲ್ಲ ಮುರಿದುಹಾಕಿತ್ತು!

ಇರಲಿ ಅಂತ ಅಜ್ಜಿ ನಡುಗುವ ಬೆರಳಿನಿಂದಲೇ ಒಂದೊಂದು ಹಣೆಯ ಮೇಲೂ ಸುಳಿ ತಿರುವಿದಳು. ಕೈ ಒಂದೊಂದು ಸಲ ಒಂದೊಂದು ಥರ ನಡುಗಿತು, ಸುಳಿಯೂ ಒಂದೊಂದು ಥರ ಬಂತು. ತಿರುವಿದ ಮೇಲೆ, ಗಾಳಿಗೆ ಸಿಗದ ಹಾಗೆ, ಪ್ರತಿಯೊಬ್ಬರ ಹಣೆಯನ್ನೂ ಎದೆಗೆ ಒತ್ತಿಕೊಂಡಳು.

ಅದಕ್ಕೇ ಕಂದಾ, ಇವತ್ತಿಗೂ ಕುದುರೆಯ ಹಣೆಯಲ್ಲಿ ಸುಳಿಯಿರುತ್ತದೆ, ಒಂದರ ಸುಳಿಯ ಹಾಗೆ ಇನ್ನೊಂದರದು ಇರುವುದಿಲ್ಲ. ಯಾರ ಮೇಲಾದರೂ ಪ್ರೀತಿ ಬಂದರೆ ಕುದುರೆ ತಲೆ ತಗ್ಗಿಸಿ, ಹಣೆಯನ್ನು ಅವರ ಎದೆಗೆ ಒತ್ತಿ ಸುಮ್ಮನೆ ನಿಂತುಬಿಡುತ್ತದೆ.