ಕುಳಿಯ ಬಾಯಲ್ಲಿ ಉಳಿದ ಚೆಂಡು

ಬಹಳ ಕಾಲದ ಹಿಂದಿನ ಮಾತು. ಒಂದೂರಲ್ಲಿ ಚಿನ್ನದ ಗಣಿ ಇತ್ತಂತೆ. ಅಲ್ಲಿನ ಗಂಡಸರು ಪಾಳಿಯ ಮೇಲೆ ನೆಲದೊಳಗೆ ಇಳಿಯುವುದು, ಪಾಳಿ ಮುಗಿದಾಗ ಮೇಲೆ ಬರುವುದು. ಮೇಲೆ ಬಂದವರು ನಾಲ್ಕು ಗಳಿಗೆ ನಕ್ಕು ಹಗುರಾಗಲೆಂದು ಒಂದು ಹೆಂಚಿನ ಮನೆ, ಅದರೊಳಗೆ ಕೋಲಿನಿಂದ ಚೆಂಡು ಹೊಡೆದು ಅಂಚಿನ ಕುಳಿಗೆ ಬೀಳಿಸಿ ಆಡುವ, ಹಸಿರು ಬಟ್ಟೆ ಹೊದಿಸಿದ ಪೂಲ್ ಮೇಜು.

ಆ ಮೇಜಿನ ಗುರು ಚೌರಪ್ಪ ತಾತ. ಪ್ರಾಯದಲ್ಲಿ ಗಣಿಯೊಳಗೆ ಮರದ ಆಸರೆ ನಿಲ್ಲಿಸುತ್ತಿದ್ದವನು. ಬಂಡೆ ಸಿಡಿದು ಮಗ ಒಳಗೇ ಉಳಿದುಹೋದ ಮೇಲೆ ಮತ್ತೆ ಇಳಿಯಲಿಲ್ಲವಂತೆ. ಆಟದ ಕೋಲು ಹಿಡಿದ. ಅವನೆದುರು ಗೆದ್ದವರೇ ಇಲ್ಲವಂತೆ.

ಅವನ ಹತ್ತಿರ ಕಲಿಯಲು ಬಂದವನು ಸೊಣ್ಣಪ್ಪ. ಬಂಡೆ ಕೊರೆಯುವ ಆಳು. ತೋಳಲ್ಲಿ ಕಸುವು, ತಲೆಯಲ್ಲಿ ಗಾಳಿ. ಅವನು ಹೊಡೆದರೆ ಚೆಂಡು ಮೇಜು ಬಿಟ್ಟು ಬೀದಿಗೆ ಹಾರುತ್ತಿತ್ತಂತೆ. ಒಮ್ಮೆ ಯಾರದೋ ಹುಂಜಕ್ಕೆ ಬಡಿದು, ಹುಂಜದ ಒಡತಿ ಪೊರಕೆ ಹಿಡಿದುಕೊಂಡೇ ಬಂದಳಂತೆ. ಅವನಿಗೆ ಇದ್ದದ್ದು ಒಂದೇ ಆಸೆ: ತಾತನ ಕರಿಮರದ ಕೋಲು ತನ್ನ ಕೈಗೆ ಬರಬೇಕು. ಆಟಗಾರ ಎಂದು ಒಪ್ಪಿದವನಿಗೇ ಅದನ್ನು ಕೊಡುವುದು ಎಂದು ತಾತ ಹೇಳಿಬಿಟ್ಟಿದ್ದ.

ಕಲಿಸಲು ಒಪ್ಪಿದ ಮೇಲೆ ತಾತ ಅವನಿಗೆ ಯಾವ ಕೋಲನ್ನೂ ಮುಟ್ಟಲು ಬಿಡಲಿಲ್ಲವಂತೆ. ದಿನಾ ಬಂದು ಮೇಜಿನ ಅಂಚಿನ ಮೇಲೆ ಅಂಗೈ ಇಟ್ಟು ನಿಲ್ಲಬೇಕು, ಅಷ್ಟೇ. ಮಳೆಗಾಲ ಹೋಗಿ ಬೇಸಿಗೆ ಬಂತು. ಮೇಜಿಗೆ ಜ್ವರ ಬಂದಿದೆಯಾ ಸೊಣ್ಣಪ್ಪಾ ಎಂದು ಜೊತೆಯವರು ಕಾಡಿಸಿದರು. ರೋಸಿಹೋಗಿ ಒಂದು ದಿನ ಕೂಗಾಡಿಯೇಬಿಟ್ಟನಂತೆ. ಆಗ ತಾತ ಹೇಳಿದ್ದಿಷ್ಟು:

“ನಮ್ಮೂರ ನೆಲ ಒಂದೇ ಥರ ಮಲಗಲ್ಲ ಕಣಪ್ಪ. ಒಳಗೆ ತೋಡ್ತಾ ತೋಡ್ತಾ ಮೇಲೂ ಸರೀತದೆ. ನೆನ್ನೆ ನೆಟ್ಟಗೆ ಓಡಿದ ಚೆಂಡು ಇವತ್ತು ವಾಲ್ತದೆ. ಅದನ್ನ ಅಂಗೈಲಿ ತಿಳ್ಕೊ. ಇನ್ನೊಂದು ಮಾತು. ಬಂಡೆ ಸಿಡಿಯೋ ಮುಂಚೆ ನೆಲ ಸಣ್ಣಗೆ ನರಳ್ತದೆ. ನನ್ ಮಗ ಹೋದ ದಿನಾನೂ ನರಳಿರ್ತದೆ. ಕೇಳೋಕೆ ಒಂದು ಅಂಗೈ ಇರಲಿಲ್ಲ.”

ಸೊಣ್ಣಪ್ಪ ಮತ್ತೆ ಅಂಗೈಯನ್ನು ಅಂಚಿಗಿಟ್ಟ. ಅವತ್ತಿನಿಂದ ಮನಸ್ಸಿಟ್ಟು ನಿಂತನಂತೆ. ಆಮೇಲೆ ಕೋಲು ಹಿಡಿದವನು ಕಣ್ಣು ಮುಚ್ಚಿಯೂ ಹೊಡೆಯುತ್ತಿದ್ದನಂತೆ. ಚೆಂಡು ಮೇಜೆಲ್ಲ ಸುತ್ತಿ, ಯಾವ ಕುಳಿಗೆ ಬೀಳಲಿ ಎಂದು ಅವನನ್ನೇ ಕೇಳಿ ಬೀಳುತ್ತಿತ್ತಂತೆ. ಇಷ್ಟಾದರೂ ತಾತ ತನ್ನ ಕೋಲು ಕೊಡಲಿಲ್ಲ.

ಹೀಗಿರುವಾಗ ಪಟ್ಟಣದಿಂದ ಒಬ್ಬ ಆಟಗಾರ ಬಂದ, ಸೋಲೇ ಕಾಣದವನು. ಇವನನ್ನು ಗೆಲ್ಲು, ಕೋಲು ನಿನ್ನದು ಎಂದ ತಾತ. ಊರಿಗೆ ಊರೇ ಸೇರಿತು. ಆಡಿ ಆಡಿ, ಕೊನೆಗೆ ಒಂದು ಕಪ್ಪು ಚೆಂಡು ಉಳಿಯಿತು, ಕುಳಿಯ ಬಾಯಲ್ಲೇ. ಹೊಡೆಯುವ ಸರದಿ ಸೊಣ್ಣಪ್ಪನದು. ಅಭ್ಯಾಸದಂತೆ ಅಂಗೈಯನ್ನು ಮೇಜಿನ ಅಂಚಿಗೆ ಇಟ್ಟ.

ಇಟ್ಟವನು ತಾತನ ಮುಖ ನೋಡಿದ. ಕೋಲು ಕೆಳಗಿಟ್ಟು ಗಣಿಯ ಕಡೆ ಓಡಿದ. ಹೆದರಿ ಓಡಿದ ಎಂದು ಪಟ್ಟಣದವನು ನಕ್ಕನಂತೆ. ಒಂದು ಹೊಡೆತಕ್ಕೆ ಎಷ್ಟು ಹೊತ್ತು ಬೇಕಿತ್ತು, ಹೊಡೆದೇ ಹೋಗಬಾರದಿತ್ತೇ ಎಂದು ಇವತ್ತಿಗೂ ಕೇಳುವವರಿದ್ದಾರೆ. ಅವನು ಹಾಗೆ ತನ್ನನ್ನೇ ಕೇಳಿಕೊಳ್ಳಲಿಲ್ಲ.

ಗಣಿಯ ಬಾಯಲ್ಲಿ ಬೆಳಗಿನ ಪಾಳಿಯವರು ಮೇಲೆ ಬಂದಾಗಿತ್ತು, ಸಂಜೆಯವರು ಇಳಿಯಲು ಸಾಲು ನಿಂತಿದ್ದರು. ಸೊಣ್ಣಪ್ಪ ಕೈ ಚಾಚಿ ಅಡ್ಡ ನಿಂತ. ಬೈದರು, ನೂಕಿದರು, ಕುಡಿದಿದ್ದಾನೆ ಎಂದರು. ಅವನು ಜಗ್ಗಲಿಲ್ಲ. ಆ ಜಗಳದ ನಡುವೆಯೇ ನೆಲದೊಳಗೆ ಗುಡುಗಿತಂತೆ. ಕೆಳಗಿಂದ ಧೂಳು ನುಗ್ಗಿ ಬಂತು. ಬೈದವರೇ ಅವನನ್ನು ತಬ್ಬಿಕೊಂಡು ಅತ್ತರಂತೆ. ಹತ್ತು ಜನ ಉಳಿದರು ಎನ್ನುವವರಿದ್ದಾರೆ, ನೂರು ಎನ್ನುವವರೂ ಇದ್ದಾರೆ. ನಮ್ಮಜ್ಜಿ ಹೇಳುವಾಗ ಎಲೆಅಡಿಕೆ ಹಾಕಿಕೊಂಡಷ್ಟೂ ಜನ ಹೆಚ್ಚುತ್ತಿದ್ದರು.

ಕೋಲು ಕೈತಪ್ಪಿತು ಅಂದುಕೊಂಡೇ ಅವನು ಹಿಂದಿರುಗಿದ. ಬಾಗಿಲಲ್ಲಿ ತಾತ ಕರಿಮರದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದನಂತೆ. “ತಗೋ ಮಗಾ” ಎಂದನಂತೆ. ಮಗ ಹೋದ ಮೇಲೆ ಯಾರನ್ನೂ ಹಾಗೆ ಕರೆದವನಲ್ಲ.

ಊರೆಲ್ಲ ನಡುಗಿದ್ದರೂ ಆ ಕಪ್ಪು ಚೆಂಡು ಕುಳಿಯ ಬಾಯಲ್ಲೇ ಕೂತಿತ್ತಂತೆ. ಈಗ ಹೊಡಿ ಎಂದರು ಎಲ್ಲರೂ. ಬೇಡ, ಅದು ನಿನ್ನ ಮಗನ ಪಾಲಿಗಿರಲಿ ಎಂದು ಸೊಣ್ಣಪ್ಪ ತಾತನಿಗೆ ಹೇಳಿದನಂತೆ.

ಆಮೇಲೆ ಗಣಿ ಮುಚ್ಚಿತು, ಇಬ್ಬರೂ ಹೋದರು. ಆ ಕಡೆ ಇವತ್ತಿಗೂ ಕೋಲು ಎತ್ತುವ ಮುಂಚೆ ಮೇಜಿಗೆ ಅಂಗೈ ಇಡುತ್ತಾರೆ. ಆಟ ಮುಗಿಸಿ ಬಾಗಿಲು ಹಾಕುವಾಗ ಒಂದು ಚೆಂಡನ್ನು ಕುಳಿಯ ಬಾಯಲ್ಲಿ ಬಿಟ್ಟು ಹೋಗುತ್ತಾರೆ, ಕೆಳಗಿಂದ ಮೇಲೆ ಬಾರದವರು ಆಡಿಕೊಳ್ಳಲಿ ಎಂದು.