ಬುಡೇನ್ ಸಾಬ್ರ ಕಾಲು

ನಿಮ್ಮ ಅಪ್ಪಂದಿರಿಗೆ ಇನ್ನೂ ಮೀಸೆ ಮೂಡಿರಲಿಲ್ಲ, ಆಗಿನ ಮಾತಿದು. ಮೂಡಲಗುಡ್ಡ ಅಂತ ಒಂದೂರು. ಊರು ಗುಡ್ಡದ ಮೇಲೆ, ಪೇಟೆ ಕೆಳಗೆ, ನಡುವೆ ಹನ್ನೊಂದು ತಿರುವು. ಪೇಟೆ ಶುರುವಾಗುವಲ್ಲಿ ಒಂದು ತಗಡಿನ ಶೆಡ್ಡು, ಶೆಡ್ಡಿನಲ್ಲಿ ಬುಡೇನ್ ಸಾಬ್ರು ಅಂತ ಒಬ್ಬ ಮೇಸ್ತ್ರಿ. ಅವರು ಬ್ರೇಕಿನ ಪೆಡಲ್ ಮೇಲೆ ಬರಿಗಾಲಿಟ್ಟರೆ ಸಾಕು, ಗಾಡಿ ತನ್ನ ಕಾಯಿಲೆ ತಾನೇ ಹೇಳಿಕೊಳ್ತಿತ್ತಂತೆ. ಬ್ರೇಕ್ ಹೋದ ಲಾರಿಯನ್ನ ಅಂಗಾಲು ಕೊಟ್ಟು ನಿಲ್ಲಿಸಿದರು ಅಂತಲೂ ಅಂತಾರೆ. ಅದನ್ನ ಕಣ್ಣಾರೆ ಕಂಡವರು ಯಾರೂ ಸಿಕ್ಕಿಲ್ಲ, ಬಿಡಿ. ಜಡೇಸ್ವಾಮಿಯ ಕಾರಿನ ಸಂಗತಿ ಮಾತ್ರ ಜಡೇಸ್ವಾಮಿಯೇ ಊರೆದುರು ಹೇಳಿದ್ದು. ಅದನ್ನ ಕೇಳಿ, ನಡುವೆ ಬಾಯಿ ಹಾಕಬೇಡಿ.

ಊರಿಗೆಲ್ಲ ಇದ್ದದ್ದು ಒಂದೇ ಕಾರು, ಜಡೇಸ್ವಾಮಿಯದು. ಆಗಲೇ ಮುದಿಯಾಗಿದ್ದ ಪೆಟ್ರೋಲ್ ಕಾರು. ಬಾಣಂತಿಯರನ್ನ ಆಸ್ಪತ್ರೆಯಿಂದ ತಂದದ್ದು ಅದೇ, ಮದುಮಕ್ಕಳನ್ನ ಹೊತ್ತದ್ದೂ ಅದೇ. ಮೂವತ್ತು ವರ್ಷದಲ್ಲಿ ಒಂದು ಕೋಳಿಗೂ ತಾಗಿಸಿದವನಲ್ಲ ಅಂತಾರೆ. ಅಂಥವನಿಗೆ ಒಂದು ಬೆಳಗ್ಗೆ ಏಳನೇ ತಿರುವಿನಲ್ಲಿ ಪೆಡಲ್ ಕಲ್ಲಾಯಿತು. ಎಷ್ಟು ಒತ್ತಿದರೂ ಇಳಿಯಲೊಲ್ಲದು. ಸೀಟು ಬಿಟ್ಟೆದ್ದು ಎರಡೂ ಕಾಲಲ್ಲಿ ತುಳಿದ, ಹ್ಯಾಂಡ್ ಬ್ರೇಕ್ ಎಳೆದ. ಕಾರು ರಸ್ತೆ ಬದಿಯ ಜಲ್ಲಿ ರಾಶಿಗೆ ಮೂತಿ ತೂರಿಸಿ ನಿಂತಿತು. ಒಳಗಿದ್ದ ನಾಲ್ವರಿಗೂ ಏನೂ ಆಗಲಿಲ್ಲ. ಒಂದು ದೀಪ ಒಡೆಯಿತು, ಅಷ್ಟೇ.

ಊರ ಬಾಯಿ ಸುಮ್ಮನಿರುತ್ತದೆಯೇ? ಪೇಟೆಯ ಒಂದು ಗ್ಯಾರೇಜಿನವರು ಬ್ರೇಕಿನ ಲೈನರ್ ಬದಲಿಸಿದರು, ಆಯಿಲ್ ಬದಲಿಸಿದರು. ಆದರೂ ಪೆಡಲ್ ಕಲ್ಲೇ. ಕಾರಿನಲ್ಲಿ ತಪ್ಪಿಲ್ಲ ಅಂದಮೇಲೆ ತಪ್ಪು ಜಡೇಸ್ವಾಮಿಯ ಕಾಲಿನದೇ ಅಂತ ಊರು ತೀರ್ಮಾನ ಮಾಡಿತು. ವಯಸ್ಸಾಯಿತು, ಕಾಲಲ್ಲಿ ಕಸುವಿಲ್ಲ ಅಂದರು. ಜನ ಕಾರು ಬಿಟ್ಟು ಬಸ್ಸು ಕಾದರು. ಹೆಂಡತಿ ದೇವೀರಮ್ಮ ದಿನಾ ಬಿಸಿ ಎಣ್ಣೆ ಹಚ್ಚಿ ಕಾಲು ತಿಕ್ಕಿದಳು. ಯಾರೂ ಇಲ್ಲದಾಗ ಅವನು ಹಿತ್ತಲ ಗೋಡೆಗೆ ಕಾಲು ಕೊಟ್ಟು ಒತ್ತಿ ಒತ್ತಿ ನೋಡುತ್ತಿದ್ದನಂತೆ. ಗೋಡೆ ಏನು ಹೇಳೀತು? ಕೊನೆಗೆ ಊರ ಯಜಮಾನರು ಸೋಮವಾರ ನ್ಯಾಯಕಟ್ಟೆಗೆ ಬಂದು ಕೀಲಿ ಒಪ್ಪಿಸು ಅಂತ ಹೇಳಿ ಕಳಿಸಿದರು. ಕೀಲಿ ಹೋದರೆ ತಾನು ಇದ್ದೂ ಸತ್ತ ಹಾಗೆ ಅಂತ ಜಡೇಸ್ವಾಮಿಗೆ ಅನ್ನಿಸಿತು. ಅದಕ್ಕಿಂತ ಕಾರನ್ನ ಗುಜರಿಗೆ ಕೊಡೋದೇ ವಾಸಿ ಅಂತ, ಫಸ್ಟ್ ಗೇರಿನಲ್ಲಿ ತೆವಳಿಸಿಕೊಂಡು ಬುಡೇನ್ ಸಾಬ್ರ ಶೆಡ್ಡಿಗೆ ಇಳಿದ.

ಸಾಬ್ರು ಗುಜರಿ ಮಾತು ಆಮೇಲೆ ಅಂದರು. ಚಪ್ಪಲಿ ಬಿಟ್ಟು ಒಳಗೆ ಕೂತರು. ಇಂಜಿನ್ ಆರಿಸಿ ಪೆಡಲನ್ನ ಐದು ಸಲ ತುಳಿದರು, ಆರನೇ ಸಲ ತುಳಿದು ಕಾಲು ತೆಗೆಯದೆ ಹಾಗೇ ಹಿಡಿದು ಇಂಜಿನ್ ಹಚ್ಚಿದರು. ಆಗ ಪೆಡಲ್ ತಾನಾಗಿ ಕಾಲ ಕೆಳಗೆ ಒಂದಿಷ್ಟು ಇಳಿಯಬೇಕು. ಇಳಿಯಲಿಲ್ಲ.

"ಜಡೇಸ್ವಾಮಣ್ಣ, ನಿನ್ನ ಕಾಲು ಚೆನ್ನಾಗೇ ಇದೆ. ಇದಕ್ಕೆ ಎಳೆತ ಇಲ್ಲ" ಅಂದರು.

ಬಾನೆಟ್ ಎತ್ತಿ ತೋರಿಸಿದರು. ಪೆಡಲ್ ಹಿಂದೆ, ಎರಡು ಬಾಣಲೆಯನ್ನ ಬಾಯಿಗೆ ಬಾಯಿ ಕೂಡಿಸಿದ ಹಾಗೆ ಒಂದು ಡಬ್ಬಿ. ಬೂಸ್ಟರ್ ಅಂತಾರೆ. ಇಂಜಿನ್ ಒಂದು ರಬ್ಬರ್ ಪೈಪಿನಿಂದ ಆ ಡಬ್ಬಿಯ ಗಾಳಿ ಹೀರುತ್ತದೆ, ಆ ಎಳೆತ ನಮ್ಮ ಕಾಲಿಗೆ ಜೊತೆಯಾಗುತ್ತದೆ. ಆಮೇಲೆ ಸಾಬ್ರು ಊದುಬತ್ತಿ ಹಚ್ಚಿದರು. ಕಾರಿಗೆ ಪೂಜೆ ಮಾಡಿದರು ಅಂತಾರೆ. ಪೂಜೆಯೂ ಅಲ್ಲ, ಮಣ್ಣೂ ಅಲ್ಲ. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಅಂತ ನೋಡಿಕೊಂಡು, ಇಂಜಿನ್ ಓಡುತ್ತಿರುವಾಗ ಪೈಪಿನುದ್ದಕ್ಕೂ ಹೊಗೆ ಹಿಡಿದರು. ಪೈಪು ಬಿಗಿದ ಕ್ಲಿಪ್ಪಿನ ಬುಡದಲ್ಲಿ ಹೊಗೆ ಸರಕ್ಕನೆ ಒಳಗೆ ಹೋಯಿತು. ಅಲ್ಲಿ ರಬ್ಬರ್ ಬಿರಿದಿತ್ತು. ಪೈಪಿನ ವಾಲ್ವ್ ಕಿತ್ತು ಬಾಯಲ್ಲಿ ಊದಿದರು. ಒಂದೇ ಕಡೆಗೆ ಗಾಳಿ ಬಿಡಬೇಕಾದ್ದು ಎರಡೂ ಕಡೆಗೆ ಬಿಡುತ್ತಿತ್ತು.

ಆಮೇಲೆ ಸಾಬ್ರು ಮೆಲ್ಲಗೆ ಒಂದು ಮಾತು ಕೇಳಿದರು. "ಇಳಿಜಾರಲ್ಲಿ ಇಂಜಿನ್ ಆರಿಸ್ತೀಯಾ?"

ಜಡೇಸ್ವಾಮಿ ಹೂಂ ಅಂದ. ಪೆಟ್ರೋಲ್ ಉಳಿಯಲಿ ಅಂತ ಮೂರನೇ ತಿರುವು ದಾಟಿದ ಮೇಲೆ ಕೀಲಿ ತಿರುಗಿಸಿ ನ್ಯೂಟ್ರಲ್‌ನಲ್ಲಿ ಬಿಡುವುದು. ಹಾಲಿನ ವ್ಯಾನಿನವನೂ ಸೇರಿ ಮೂಡಲಗುಡ್ಡದ ಗಾಡಿಯವರೆಲ್ಲ ಇಳಿಯುವುದೇ ಹಾಗೆ, ಅದು ಅವರಿಗೆ ಜಾಣತನ. ಸಾಬ್ರಿಗೆ ರೇಗಿಹೋಯಿತು. ಇಂಜಿನ್ ಆರಿದ ಮೇಲೆ ಡಬ್ಬಿಯಲ್ಲಿ ಎರಡು ಮೂರು ತುಳಿತಕ್ಕಾಗುವಷ್ಟು ಎಳೆತ ಉಳಿದಿರುತ್ತದೆ, ಆ ಉಳಿಕೆಯಲ್ಲೇ ಮೂವತ್ತು ವರ್ಷ ಬದುಕಿದ್ದೀಯ, ಪೈಪು ಬಿರಿದ ಮೇಲೆ ಅದೂ ಇಲ್ಲ ಅಂತ ಬೈದರು.

ಬೈಯುತ್ತಲೇ ಹೊಸ ಪೈಪು, ಹೊಸ ವಾಲ್ವ್ ಹಾಕಿದರು. ಈ ಸಲ ಜಡೇಸ್ವಾಮಿಯನ್ನೇ ಕೂರಿಸಿದರು. ಐದು ಸಲ ತುಳಿದ, ಹಿಡಿದ, ಇಂಜಿನ್ ಹಚ್ಚಿದ. ಪೆಡಲ್ ಮೆತ್ತಗೆ ಕಾಲ ಕೆಳಗೆ ಇಳಿಯಿತು. ಅವನು ಸ್ಟೀರಿಂಗಿಗೆ ಹಣೆ ಕೊಟ್ಟು ಅತ್ತುಬಿಟ್ಟನಂತೆ.

ಹೊರಡುವಾಗ ಸಾಬ್ರು, ಪೈಪಿನ ವಿಷಯ ಬೇಕಾದರೆ ನಾನೇ ಬಂದು ಹೇಳುತ್ತೇನೆ, ಇಳಿಜಾರಲ್ಲಿ ಕೀಲಿ ತಿರುಗಿಸಿದ ವಿಷಯ ನೀನೇ ಹೇಳಬೇಕು ಅಂದರು.

ಸೋಮವಾರ ಊರು ಸೇರಿತು. ಜಡೇಸ್ವಾಮಿ ಬಿರಿದ ಪೈಪು ತೋರಿಸಿದ. ಛೇ, ಸುಮ್ಮನೆ ನಿನ್ನ ಕಾಲನ್ನ ದೂರಿದೆವಲ್ಲ ಅಂತ ಯಜಮಾನರೇ ಪೇಚಾಡಿಕೊಂಡರು. ಅಲ್ಲಿಗೇ ಸುಮ್ಮನಾಗಿದ್ದರೆ ಹೋದ ಮಾನವೆಲ್ಲ ವಾಪಸು ಬರುತ್ತಿತ್ತು. ಆದರೂ ಹೇಳಿದ. ಅವತ್ತು ನಾಲ್ಕು ಜೀವ ಕೂರಿಸಿಕೊಂಡು ಇಂಜಿನ್ ಆರಿಸಿದ್ದು ನಾನೇ, ಮೂವತ್ತು ವರ್ಷದಿಂದ ಆರಿಸುತ್ತಿದ್ದವನೂ ನಾನೇ ಅಂದ. ಕೀಲಿಯನ್ನ ಕಟ್ಟೆಯ ಮೇಲಿಟ್ಟ. ಹಾಲಿನ ವ್ಯಾನಿನವನು ತಲೆ ತಗ್ಗಿಸಿದ.

ಅವತ್ತು ಕಾರಿನಲ್ಲಿದ್ದ ನಾಲ್ವರಲ್ಲಿ ಕೆಂಪಾಜಮ್ಮ ಅನ್ನೋ ಮುದುಕಿಯೂ ಒಬ್ಬಳು. ಅವಳು ಎದ್ದು ಬಂದು ಕೀಲಿ ಎತ್ತಿ ಜಡೇಸ್ವಾಮಿಯ ಕೈಗಿಟ್ಟಳು. "ನಡಿಯಪ್ಪ, ಕಣ್ಣಿನ ಡಾಕ್ಟರ ಹತ್ರ ಹೋಗಬೇಕು. ದಾರೀಲಿ ಕೀಲಿ ಮುಟ್ಟಿದ್ರೆ ಕೈ ಮುರೀತೀನಿ" ಅಂದಳು. ಹೋಗಿ ಮುಂದಿನ ಸೀಟಿನಲ್ಲೇ ಕೂತಳು.

ಸಾಬ್ರು ಹೋಗಿ ಎಷ್ಟೋ ಕಾಲವಾಯಿತು, ಶೆಡ್ಡೂ ಇಲ್ಲ. ಆದರೆ ಮೂಡಲಗುಡ್ಡದಿಂದ ಇಳಿಯುವ ಕಾರು ಇವತ್ತಿಗೂ ಮೊದಲ ತಿರುವಿನ ಮೇಲೆ ನಿಲ್ಲುತ್ತದೆ. ಇಂಜಿನ್ ಆರಿಸಿ ಐದು ಸಲ ತುಳೀತಾರೆ, ಹಿಡೀತಾರೆ, ಹಚ್ತಾರೆ. ಒಳಗಿದ್ದವರೆಲ್ಲ ಅಷ್ಟು ಹೊತ್ತು ಮಾತು ನಿಲ್ಲಿಸುತ್ತಾರೆ. ಪೆಡಲ್ ಇಳಿಯದಿದ್ದರೆ ಮದುಮಗನಾದರೂ ಬಾಗಿಲು ತೆಗೆದು ಕೆಳಗಿಳಿದು ನಡೀತಾನೆ. ಪೆಡಲ್ ಇಳಿದರೆ ಡ್ರೈವರ್ "ಸಾಬ್ರ ಕಾಲೂ ಸೇರ್ತು" ಅನ್ನುತ್ತಾನೆ, ಆಮೇಲೇ ಗಾಡಿ ಬಿಡುತ್ತಾನೆ.